ಅಪ್ಪನ ಕೈಗೊಂದು ಬಟ್ಟಲು

ನಮ್ಮ ಮನೆಯಲ್ಲಿ ಏನನ್ನಾದರೂ ಎಸೆಯಬೇಕೆಂದರೆ ಮೊದಲು ಅಪ್ಪನ ಕಣ್ಣು ತಪ್ಪಿಸಬೇಕಿತ್ತು. ಉಂಗುಟ ಕಿತ್ತ ಚಪ್ಪಲಿ, ಕಂಠ ಒಡೆದ ಕೊಡ, ಹಲ್ಲು ಸವೆದ ಗರಗಸ, ಸೈಕಲ್ ಟ್ಯೂಬಿನ ತುಂಡು, ಯಾರದೋ ಮದುವೆ ಹಂದರದಿಂದ ಉಳಿದ ಬಿದಿರು, ಹೀಗೆ ಲೋಕ ಬೇಡವೆಂದದ್ದೆಲ್ಲ ನಮ್ಮ ಮನೆಗೆ ಬೇಕಾಗಿತ್ತು. ನಮ್ಮೂರು ಸರಸಂಬಾದ ಆ ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಮೊದಲು ಸಿಗುವುದು ಎತ್ತುಗಳು, ಆಮೇಲೆ ಮನುಷ್ಯರು. ದನ ಕಟ್ಟುವ ಜಾಗದಿಂದ ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪಕ್ಕದ ಕತ್ತಲೆ ಕೋಣೆಯಲ್ಲಿ ತೊಗರಿ ಮತ್ತು ಜೋಳದ ಚೀಲಗಳು. ಆ ಚೀಲಗಳ ಮೇಲಿನ ಅಟ್ಟವೇ ಅಪ್ಪನ ಖಜಾನೆ. ಟ್ರ್ಯಾಕ್ಟರಿನ ಸವೆದ ಟಾಯರು ನಮ್ಮಲ್ಲಿ ಎತ್ತುಗಳು ನೀರು ಕುಡಿಯುವ ತೊಟ್ಟಿಯಾಗಿತ್ತು. ಎಣ್ಣೆ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದರೆ ಜರಡಿ. ಮುರಿದ ಛತ್ರಿಯ ಒಂದು ಕಡ್ಡಿ ಅವ್ವನಿಗೆ ಬದನೆಕಾಯಿ ಚುಚ್ಚಿ ಸುಡಲು, ಇನ್ನೊಂದು ನನಗೆ ಲಂಗಕ್ಕೆ ಲಾಡಿ ಏರಿಸಲು. ಅಪ್ಪನ ತಾಯಿ, ನಮ್ಮ ಆಯಿ, ಪಡಸಾಲೆಯ ಕಂಬಕ್ಕೊರಗಿ ಇದನ್ನೆಲ್ಲ ನೋಡುತ್ತ ಬಂದವರೆದುರು ಹೇಳುತ್ತಿದ್ದಳು:

“ನಾ ಸತ್ತ ಮ್ಯಾಲೆ ನನ್ನ ಎಲುಬೂ ಬಿಡಂಗಿಲ್ಲ ಇಂವಾ. ದನಾ ಕಟ್ಟಾಕ ಗೂಟ ಮಾಡ್ತಾನ ನೋಡ್ರಿ.”

ಅಪ್ಪ ತಲೆ ಎತ್ತದೆ ಕೆಲಸ ಮಾಡುತ್ತಲೇ ಉತ್ತರ ಕೊಡುತ್ತಿದ್ದ:

“ನಿನ್ನ ಎಲುಬು ಗಟ್ಟಿ ಇಲ್ಲ ಬಿಡವ್ವಾ, ನಾಲಿಗಿ ಗಟ್ಟಿ ಅದ.”

ಈಗ ನಾನಿರುವುದು ಜೇವರ್ಗಿಯಲ್ಲಿ, ಮಗಳ ಮನೆಯಲ್ಲಿ. ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ತಂದೆಯರ ದಿನ ಮಾಡಿದರು. ಬೇಡವಾದ ವಸ್ತುಗಳಿಂದ ಅಪ್ಪನಿಗೊಂದು ಉಡುಗೊರೆ ಮಾಡಬೇಕೆಂದು ಟೀಚರು ಹೇಳಿದ್ದರಂತೆ. ಬೇಡವಾದ ವಸ್ತು ಮನೆಯಲ್ಲಿ ಯಾವುದೂ ಇಲ್ಲವೆಂದು ನನ್ನ ಮಗಳು ಅಂಗಡಿಗೆ ಹೋಗಿ ಹೊಚ್ಚಹೊಸ ಐಸ್‌ಕ್ರೀಮ್ ಕಡ್ಡಿಗಳನ್ನು ಕೊಂಡು ತಂದಳು! ಅವುಗಳಿಂದ ಅಳಿಯನಿಗೊಂದು ಪೆನ್ನಿನ ಗೂಡು ತಯಾರಾಯಿತು. ಅಳಿಯ ಪಾಪ ಪೆನ್ನು ಹಿಡಿದು ಎಷ್ಟು ಕಾಲವಾಯಿತೋ, ಆದರೂ ಹಿಗ್ಗಿ ಹೀರೇಕಾಯಿಯಾದ. ನಾನು ನಕ್ಕದ್ದಕ್ಕೆ ಮೊಮ್ಮಗಳಿಗೆ ಸಿಟ್ಟು ಬಂತು.

“ಅಜ್ಜಿ, ನೀ ನಿಮ್ಮಪ್ಪಗ ಏನ್ ಮಾಡಿ ಕೊಟ್ಟೀದಿ, ಹೇಳು ನೋಡಮು?”

ಹೇಳುತ್ತೇನೆ ಬಾ ಎಂದು ನಾನು ಕಾಲು ಮಡಚಿ ಕೂರುವಷ್ಟರಲ್ಲಿ ಅವಳ ಕೈಗೆ ಮೊಬೈಲು ಬಂದಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಎಂದಾದರೂ ಓದಿಕೊಳ್ಳಲಿ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಹೆಣ್ಣು ಗಂಡೆನ್ನದೆ ಎಲ್ಲರ ಕೊರಳಲ್ಲೂ ಲಿಂಗ. ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಹಚ್ಚಿ, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ಯಾರ ಬಾಯಿಗೂ ಏನೂ ಬೀಳುತ್ತಿರಲಿಲ್ಲ. ಅವ್ವ ಅಫಜಲಪುರದ ಕಡೆಯವಳು, ಭೀಮಾ ನದಿ ದಂಡೆಯ ಊರು. ಅವಳಿಗೆ ಚಹಾ ಎಂದರೆ ಪ್ರಾಣ. ತನ್ನ ಪೂಜೆಯನ್ನು ಬೇಗ ಮುಗಿಸಿ ಒಲೆ ಮುಂದೆ ಕುಳಿತುಬಿಡುತ್ತಿದ್ದಳು. ಅಪ್ಪನದು ಹಾಗಲ್ಲ. ಲೋಕದ ಮುರುಕು ವಸ್ತುಗಳನ್ನೆಲ್ಲ ಅವಸರದಲ್ಲಿ ಬಡಿದು ಜೋಡಿಸುವ ಆ ಮನುಷ್ಯ, ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ಜಗತ್ತನ್ನೇ ಮರೆಯುತ್ತಿದ್ದ. ಮೇಲಿನ ಬೆಳಕಿಂಡಿಯಿಂದ ಬಿಸಿಲು ಬಂದು ಅವನ ಕೈ ಮೇಲೆ ಬೀಳುತ್ತಿತ್ತು. ನೀರು ಹಾಕಿ, ವಿಭೂತಿ ಇಟ್ಟು, ಪತ್ರಿ ಏರಿಸಿ ನೋಡುತ್ತ ಕೂರುತ್ತಿದ್ದ. ಅಡುಗೆಮನೆಯಿಂದ ಅವ್ವನ ದನಿ ಬರುತ್ತಿತ್ತು:

“ಏನ್ರೀ, ನಿಮ್ಮ ದೇವ್ರು ಭಾಳ ಮಾತಾಡ್ತಾನೇನ್ರಿ? ಚಾ ಆರಾಕತ್ತದ.”

ಪೂಜೆ ಮುಗಿದ ಮೇಲೆಯೇ ಅಪ್ಪನ ಉತ್ತರ:

“ನನ್ನ ದೇವ್ರು ಮಾತಾಡ್ತಾನ. ನಿನ್ನ ದೇವ್ರಿಗಿ ಮಾತಾಡಾಕ ನೀ ಎಲ್ಲಿ ಬಿಡ್ತಿ?”

ಈ ಜಗಳವಿಲ್ಲದೆ ನಮ್ಮ ಮನೆಯಲ್ಲಿ ಬೆಳಗಾದದ್ದೇ ನನಗೆ ನೆನಪಿಲ್ಲ. ಹಾಗಿರುವಾಗ ಒಂದು ವರ್ಷ ತೊಗರಿ ರಾಶಿಯ ದಿನಗಳಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಕಣದಲ್ಲಿ ಕುಳಿತು ಚೀಲದ ಬಾಯಿ ಹೊಲಿಯುತ್ತಿದ್ದವನು, ಚೀಲ ಹಿಡಿದ ಎಡಗೈ ತಾನಾಗಿ ಸಡಿಲಾದದ್ದನ್ನು ನೋಡುತ್ತ ನೋಡುತ್ತಲೇ ಪಕ್ಕಕ್ಕೆ ವಾಲಿದನಂತೆ. ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಯ ದವಾಖಾನೆಗೆ ಒಯ್ದರು. ನಾನು ಆಯಿಯ ಜೊತೆ ಮನೆಯಲ್ಲೇ ಉಳಿದೆ. ಮರಳಿ ಬಂದ ಅಪ್ಪನ ಬಾಯಿ ಒಂದಿಷ್ಟು ಸೊಟ್ಟಗಾಗಿತ್ತು. ಮಾತು ದಪ್ಪವಾಗಿತ್ತು, ಆದರೆ ತಿಳಿಯುತ್ತಿತ್ತು. ಎಡಗಾಲು ಎಳೆಯುತ್ತಿದ್ದ. ಎಡಗೈ ಮಾತ್ರ ಅವನದಲ್ಲವೆನ್ನುವಂತೆ ತೊಡೆ ಮೇಲೆ ಬಿದ್ದಿರುತ್ತಿತ್ತು. ಚೆನ್ನಾಗಿ ಉಂಡು, ಮೈಗೆ ಬಲ ಬಂದರೆ ದಿನ ಕಳೆದಂತೆ ಸುಧಾರಿಸುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಉಣ್ಣುವ ಮನೆಯಲ್ಲಿ ಉಣ್ಣುವುದೇನು ಕಷ್ಟ ಎಂದು ನಾವು ಧೈರ್ಯವಾಗಿದ್ದೆವು.

ಮನೆಗೆ ಬಂದ ಮರುದಿನ ಬೆಳಗ್ಗೆ ಅವ್ವ ಅಪ್ಪನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬೆಳಕಿಂಡಿಯ ಕೆಳಗೆ ಮಣೆ ಹಾಕಿ ಕೂರಿಸಿದಳು. ಅಪ್ಪ ಬಲಗೈಯಿಂದ ಕರಡಿಗೆ ಬಿಚ್ಚಿದ. ಅವ್ವ ಅವನ ಎಡಗೈಯನ್ನು ತನ್ನೆರಡು ಕೈಗಳಲ್ಲಿ ಎತ್ತಿ ಹಿಡಿದಳು. ಅಪ್ಪ ಲಿಂಗವನ್ನು ಅಂಗೈಯಲ್ಲಿಟ್ಟ. ಆ ಅಂಗೈ ಗುಳಿಯಾಗಲಿಲ್ಲ, ಬೆರಳುಗಳು ಮಡಚಲಿಲ್ಲ. ಲಿಂಗ ಜಾರಿ ಅಪ್ಪನ ಧೋತರದ ನಿರಿಗೆಯಲ್ಲಿ ಬಿತ್ತು. ನೆಲ ಮುಟ್ಟಲಿಲ್ಲ ನಿಜ, ಆದರೂ ಲಿಂಗ ಕೈಜಾರುವುದೆಂದರೆ ನಮ್ಮವರಿಗೆ ಎದೆ ಒಡೆಯುವ ಮಾತು. ಹಿಂದಿನ ಕಾಲದಲ್ಲಿ ಅದಕ್ಕಾಗಿ ಪ್ರಾಣವನ್ನೇ ಬಿಟ್ಟವರ ಕಥೆಗಳನ್ನು ಆಯಿ ನನಗೆ ಹೇಳಿದ್ದಳು. ಅಪ್ಪ ಲಿಂಗವನ್ನು ಎತ್ತಿ ಕಣ್ಣಿಗೊತ್ತಿ ಕರಡಿಗೆಗೆ ಸೇರಿಸಿದ.

“ನನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲ. ಇನ್ನ ಮ್ಯಾಲೆ ಪೂಜಿ ಮಾತು ಎತ್ತಬ್ಯಾಡ್ರಿ.”

ಪೂಜೆ ನಿಂತಿತು. ಅದರ ಜೊತೆಗೆ ಊಟವೂ ನಿಂತಂತೆಯೇ ಆಯಿತು. ನಾವು ಬಲವಂತ ಮಾಡಿದರೆ ನಾಲ್ಕು ಗುಟುಕು ಜೋಳದ ಅಂಬಲಿ ಕುಡಿದು ಗೋಡೆಗೆ ಮುಖ ತಿರುಗಿಸುತ್ತಿದ್ದ. ಪೂಜೆ ಇಲ್ಲದ ಕೂಳು ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದ. ಅವನು ಹಠ ಮಾಡುತ್ತಿದ್ದನೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಹಠದವರ ಮುಖದಲ್ಲಿ ಒಂದು ಉರಿ ಇರುತ್ತದೆ, ಅಪ್ಪನ ಮುಖದಲ್ಲಿ ನಾಚಿಕೆ ಇತ್ತು. ಅಂಗಿ ಮೈಮೇಲೆ ಜೋಲತೊಡಗಿತು. ಅಪ್ಪ ಹೀಗೇ ಸವೆದು ಹೋಗಿಬಿಡುತ್ತಾನೆಂದು ನನಗೆ ಭಯವಾಗುತ್ತಿತ್ತು. ಆ ಭಯವನ್ನು ಬಾಯಿಬಿಟ್ಟು ಹೇಳುವವರು ಯಾರೂ ಇರಲಿಲ್ಲ, ಬದಲಿಗೆ ಅತ್ತೆ ಸೊಸೆ ಜಗಳವಾಡುತ್ತಿದ್ದರು.

“ಜಡ್ಡಾದಂವಗ ದೇವ್ರು ನೇಮಾ ಕೇಳಂಗಿಲ್ಲ ಅಂತ ಹೇಳ್ಬೇ ನಿನ್ನ ಗಂಡಗ.”

“ನಿಮ್ಮ ಮಗಾ ಹೌದಿಲ್ರಿ ಅತ್ತಿ, ನೀವೇ ಹೇಳ್ರಿ. ನನ್ನ ಮಾತು ಎಂದ ಕೇಳ್ಯಾರ ಅವರು?”

ಕೊನೆಗೆ ಇಬ್ಬರೂ ಕೂಡಿ ಮಠದ ಅಯ್ಯನವರನ್ನು ಕರೆಸಿದರು. ನಮ್ಮ ಮನೆಯ ಹುಟ್ಟು ಸಾವು ಮದುವೆಗಳಿಗೆಲ್ಲ ಅವರೇ ಬರುತ್ತಿದ್ದದ್ದು. ಒಳ್ಳೆಯವರು, ಸ್ವಲ್ಪ ಭೋಜನಪ್ರಿಯರು. ಅಪ್ಪನ ಪಕ್ಕ ಕುಳಿತು ಬೆನ್ನು ಸವರಿ ಸಮಾಧಾನ ಹೇಳಿದರು.

“ಮನಸಿನಾಗ ಪೂಜಿ ಮಾಡ್ರಿ, ಸಾಕು. ಶಿವಾ ಒಪ್ಗೋತಾನ.”

“ಮನಸಿನಾಗ ಉಂಡ್ರ ಹೊಟ್ಟಿ ತುಂಬ್ತದೇನ್ರೀ ಅಯ್ನೋರ?”

ಅಯ್ಯನವರು ಚಹಾ ಕುಡಿದು ಎದ್ದು ಹೋದರು. ಅಪ್ಪನ ಮಾತಿಗೆ ಬೇರೆ ದಿನವಾದರೆ ನಾವೆಲ್ಲ ನಗುತ್ತಿದ್ದೆವು.

ಆಗ ನಾನು ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸಿನವಳು. ಅಪ್ಪನ ಹಿಂದೆ ಮುಂದೆ ಸುಳಿದು ಮೊಳೆ ಎತ್ತಿಕೊಡುತ್ತ, ಅವನ ಬಾಚಿ ಗರಗಸಗಳನ್ನು ಹಿಡಿಯಲು ಕಲಿತಿದ್ದೆ. ನನ್ನ ಬುದ್ಧಿಗೆ ತೋಚಿದ್ದು ಒಂದೇ: ಕೈ ಕೈಕೊಟ್ಟಿದ್ದರೆ ಕೈಗೆ ಬದಲು ಇನ್ನೊಂದನ್ನು ಮಾಡಬೇಕು. ಅಟ್ಟ ಹತ್ತಿದೆ. ಮುರಿದ ಹೊರಸು ಮಂಚದ ಕಾಲೊಂದು ಸಿಕ್ಕಿತು, ಕಡೆದು ನುಣುಪು ಮಾಡಿದ್ದು. ಹಳೆಯ ದೀಪದ ಕಂಬದಿಂದ ಕಳಚಿದ ಹಿತ್ತಾಳೆ ತಟ್ಟೆಯೂ ಸಿಕ್ಕಿತು. ಕಾಲನ್ನು ಗಿಡ್ಡಗೆ ಕೊಯ್ದು, ಅಡಿಗೆ ಹಲಗೆ ಬಡಿದು, ತಲೆಗೆ ತಟ್ಟೆ ಕೂರಿಸಿದೆ. ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದೆ. ಅದರ ಮೇಲೆ ಲಿಂಗ ಇಟ್ಟರೆ ಜಾರುವ ಮಾತೇ ಇಲ್ಲ. ಅವ್ವ ನೋಡಿ ಕಣ್ಣೊರೆಸಿಕೊಂಡಳು. ಆಯಿ ನನ್ನ ಕೆನ್ನೆ ನೇವರಿಸಿ ನೆಟಿಗೆ ಮುರಿದಳು. ಅವ್ವನ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಅಪ್ಪನ ಮುಂದೆ ಇಟ್ಟೆವು. ಅಪ್ಪ ಅದನ್ನು ಬಲಗೈಯಲ್ಲಿ ತಿರುಗಿಸಿ, ಕೀಲು ಅಲುಗಾಡುತ್ತದೆಯೋ ಎಂದು ಪರೀಕ್ಷಿಸಿ, ತುಂಬ ಹೊತ್ತು ನೋಡಿದ.

“ಭಾರಿ ಮಾಡೀದಿ ಯವ್ವಾ. ಕೆಲಸ ಬರೋಬರಿ ಅದ. ಆದ್ರ ಲಿಂಗ ಇದರ ಮ್ಯಾಲೆ ಕುಂತ್ರ ಗುಡಿ ಲಿಂಗ ಆತು, ನಂದು ಆಗಂಗಿಲ್ಲ. ಮೈಮ್ಯಾಲಿನ ಲಿಂಗಕ್ಕ ಅಂಗೈನೇ ಪೀಠ.”

ಲಿಂಗ ಕಟ್ಟಿಕೊಂಡ ಮೂವರು ಹೆಣ್ಣುಮಕ್ಕಳು ನಾವು. ಮೈಯಿಂದ ಅಗಲಿಸಿ ಕಟ್ಟಿಗೆ ಮೇಲೆ ಕಲ್ಲಿನ ಮೇಲೆ ಅದನ್ನು ಇಡುವುದಿಲ್ಲ ಎನ್ನುವುದು ಹಸುಗೂಸಿಗೂ ಗೊತ್ತಿರುವ ಮಾತು. ಅಪ್ಪ ಉಣ್ಣಲಿ ಎನ್ನುವ ಅವಸರದಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ. ಅಪ್ಪ ನಾನು ಮಾಡಿದ್ದನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು ಅದರ ಮೇಲೆ ತನ್ನ ಟಾವೆಲ್ಲು ಹಾಕಿದ. ಎಸೆಯಬಾರದೆಂಬ ಅವನ ನೇಮ ಅಷ್ಟರಲ್ಲೂ ಬಿಟ್ಟಿರಲಿಲ್ಲ. ನಾನು ಚೀಲಗಳ ಕೋಣೆಗೆ ಹೋಗಿ ಅತ್ತೆ.

ದಾರಿ ಸಿಕ್ಕಿದ್ದು ನನ್ನದೇ ಪೂಜೆಯಲ್ಲಿ. ಸೋಮವಾರವೆಂದು ಆಯಿ ನನ್ನನ್ನು ಜಾಸ್ತಿ ಹೊತ್ತು ಕೂರಿಸಿದ್ದಳು. ಕೈ ಸೋತಿತು. ಸೋತ ಕೈ ತನ್ನಷ್ಟಕ್ಕೆ ತಾನೇ ಇಳಿದು, ಮಡಚಿದ ಕಾಲಿನ ಮೇಲೆ, ಲಂಗದ ಗುಳಿಯಲ್ಲಿ ಕುಳಿತುಕೊಂಡಿತು. ಲಿಂಗ ಅಲುಗಲಿಲ್ಲ. ಅರೆ! ಲಿಂಗಕ್ಕೆ ಪೀಠ ನನ್ನ ಅಂಗೈ, ಸರಿ. ಆದರೆ ಅಂಗೈಗೂ ಒಂದು ಪೀಠ ಬೇಕಲ್ಲ! ನಾನು ಕೂರಿಸಬೇಕಾದದ್ದು ಲಿಂಗವನ್ನಲ್ಲ, ಅಪ್ಪನ ಕೈಯನ್ನು. ಮುಂದೆ ನಾನು ಟೀಚರಾಗಿ ಎಷ್ಟೋ ಮಕ್ಕಳಿಗೆ ಪಾಠ ಮಾಡಿದೆ. ಬಾರದ ಮಗುವಿನ ಬದಲು ಲೆಕ್ಕವನ್ನು ನಾನೇ ಮಾಡಿಕೊಡದೆ, ಮಗುವಿನ ಕೈ ಎಲ್ಲಿ ಸೋಲುತ್ತಿದೆ ಎಂದು ಹುಡುಕುವ ಚಾಳಿ ನನಗೆ ಅಂಟಿದ್ದು ಅವತ್ತೇ. ಪೂಜೆ ಮುಗಿಸಿದೆನೋ ಇಲ್ಲವೋ ಅಟ್ಟ ಹತ್ತಿದೆ.

ಅಟ್ಟದ ಮೂಲೆಯಲ್ಲಿ ನಮ್ಮ ಹಳೆಯ ಕೂರಿಗೆಯ ಬಟ್ಟಲಿತ್ತು. ಬಿತ್ತುವಾಗ ಗಂಡಸು ಎತ್ತು ಹೊಡೆಯುತ್ತಾನೆ. ಹಿಂದೆ ನಡೆಯುವ ಹೆಂಗಸು ಉಡಿಯಲ್ಲಿ ಕಟ್ಟಿಕೊಂಡ ಬೀಜವನ್ನು ಈ ಮರದ ಬಟ್ಟಲಿಗೆ ಮುಷ್ಟಿಯಿಂದ ಬಿಡುತ್ತಾಳೆ. ತಳದ ತೂತುಗಳಿಂದ ಬೀಜ ಇಳಿದು ಮಣ್ಣು ಸೇರುತ್ತದೆ. ಟ್ರ್ಯಾಕ್ಟರು ಬಂದ ಮೇಲೆ ಕೂರಿಗೆಯ ಉಳಿದ ಮರವೆಲ್ಲ ಅಗಳಿ, ಗೂಟಗಳಾಗಿ ಹೋಗಿತ್ತು. ಬಟ್ಟಲನ್ನು ಮಾತ್ರ ಅವ್ವ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಮದುವೆಯಾಗಿ ಬಂದ ವರ್ಷದಿಂದ ಅದರಲ್ಲಿ ಬಿತ್ತಿದವಳು ಅವಳೇ. ನನ್ನ ಕೈಯ ಹಿಂಭಾಗವನ್ನು ಅದರಲ್ಲಿಟ್ಟು ನೋಡಿದೆ. ಆಹಾ, ಹಕ್ಕಿ ಗೂಡಲ್ಲಿ ಕೂತಂತೆ ಕೂತಿತು. ಮಣಿಕಟ್ಟಿನ ಹತ್ತಿರ ಅಂಚು ಒತ್ತುತ್ತಿತ್ತು, ಅಷ್ಟನ್ನು ಕೊಯ್ಯಬೇಕಿತ್ತು. ಗರಗಸ ಹಿಡಿದು ಇಳಿದದ್ದೇ ತಡ, ಆಯಿ ಕಂಬ ಬಿಟ್ಟು ಎದ್ದು ನಿಂತಳು.

“ಬಿತ್ತೋ ಬಟ್ಟಲಕ್ಕ ಗರಗಸ ಹಚ್ತೀಯೇನ್ಬೇ? ವರ್ಷಾ ಪೂಜಿ ಮಾಡಿದ್ದದು. ಮನಿ ಉಳೀತದೇನು?”

“ಅಪ್ಪನ ಕೈಗಿ ಆಯಿ. ಲಿಂಗಕ್ಕಲ್ಲ, ಕೈಗಿ.”

ನಾನು ತೋರಿಸಿದೆ. ಆಯಿ ನೋಡಿದಳು, ಆದರೆ ಒಪ್ಪಲಿಲ್ಲ. ಬೇರೆ ಕಟ್ಟಿಗೆ ಹುಡುಕು ಎಂದಳು. ಆಗ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ ಅವ್ವ, ಅತ್ತೆಗೆ ಎಂದೂ ಎದುರಾಡದವಳೇನಲ್ಲ, ಆದರೆ ಆವತ್ತು ಬೇರೆಯೇ ದನಿಯಲ್ಲಿ ಮಾತಾಡಿದಳು.

“ಅದು ನನ್ನ ಬಟ್ಟಲ ರೀ ಅತ್ತಿ. ಅವರು ಮುಂದ ಎತ್ತು ಹೊಡದ್ರು, ನಾ ಹಿಂದ ಬೀಜಾ ಬಿಟ್ಟೆ. ಈಗ ಅವರ ಕೈ ಹಿಡೀಲಿ ಅದು.”

ಆಯಿ ದೇವರ ಜಗುಲಿಯಿಂದ ವಿಭೂತಿ ತಂದು ಬಟ್ಟಲಿಗೆ ಹಚ್ಚಿ ಕೈಮುಗಿದಳು. ಕಾಲು ಚಾಚಿ ನೆಲದ ಮೇಲೆ ಕುಳಿತು, ಬಟ್ಟಲನ್ನು ತನ್ನ ತೊಡೆಗಳ ನಡುವೆ ಗಟ್ಟಿಯಾಗಿ ಅವುಚಿ ಹಿಡಿದಳು.

“ಕೊಯ್ಯಿ. ನನ್ನ ಮಗನಕಿಂತ ಹೆಚ್ಚಿಂದಲ್ಲ.”

ಅಳತೆಗೆ ಅಪ್ಪನ ಕೈ ಬೇಕಿತ್ತು. ಮಧ್ಯಾಹ್ನ ಅವನು ಮಲಗಿದ್ದಾಗ ಇದ್ದಿಲ ಚೂರು ಹಿಡಿದು, ಹಳೆ ರಟ್ಟಿನ ಮೇಲೆ ಆ ಎಡಗೈ ಇಟ್ಟು ಸುತ್ತ ಗೆರೆ ಎಳೆಯತೊಡಗಿದೆ. ನನ್ನನ್ನು ಎತ್ತಿ ಬಂಡಿಯ ಮೇಲೆ ಕೂರಿಸುತ್ತಿದ್ದ ಕೈ ಅದು. ಈಗ ನಾನು ಎತ್ತಬೇಕಾದಾಗ ಎಷ್ಟು ಭಾರ! ಅಪ್ಪನಿಗೆ ನಿದ್ದೆ ಬಂದಿರಲೇ ಇಲ್ಲ.

“ಏನ್ ಅಳತಿ ತಗೋಳಾಕತ್ತೀ? ಅಂಗಿ ಹೊಲಸ್ತೀಯೇನು?”

“ಹೌದಪ್ಪಾ.”

“ಒಂದೇ ತೋಳಿಂದು ಹೊಲಸಬ್ಯಾಡ ಮತ್ತ.”

ಎಷ್ಟೋ ದಿನಗಳ ಮೇಲೆ ಅವನ ಬಾಯಿಂದ ಬಂದ ತಮಾಷೆ ಅದು. ನನಗೆ ಹುರುಪು ಬಂತು. ಅಂಚು ಕೊಯ್ದ ಬಟ್ಟಲನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದೆ. ಮುರಿದ ಮಣೆಯ ಹಲಗೆಗೆ ಬಟ್ಟಲನ್ನು ಕೂರಿಸಿ, ತೂತುಗಳಿರುವಲ್ಲಿ ಹಲಗೆಯನ್ನೂ ಕೊರೆದೆ. ಹಲಗೆಯ ಉಳಿದ ಉದ್ದ ಮೊಣಕೈ ತನಕ ತೋಳಿಗೆ ಆಸರೆಯಾಯಿತು. ಅವ್ವ ಅಪ್ಪನ ಹರಿದ ಧೋತರವನ್ನು ಮಡಚಿ, ತೂತುಗಳಷ್ಟು ಬಿಟ್ಟು ಸುತ್ತಲೂ ಮೆತ್ತೆ ಹೊಲಿದಳು. ಕೈ ಜಾರದಂತೆ ಒಂದು ಪಟ್ಟಿ ಬೇಕಿತ್ತು. ನಾನು ಹಳೆಯ ಬೆಲ್ಟು ತಂದರೆ, ಪೂಜೆಗೆ ತೊಗಲು ತರುತ್ತೀಯಾ ಎಂದು ಆಯಿ ಬೈದಳು. ಸೈಕಲ್ ಟ್ಯೂಬನ್ನು ಸೀಳಿ, ಅದಕ್ಕೆ ಸೀರೆಯ ಅಂಚು ಸುತ್ತಿ ಪಟ್ಟಿ ಮಾಡಿದೆವು. ನೋಡಲು ಅದೊಂದು ವಿಚಿತ್ರ ಪ್ರಾಣಿಯಂತಿತ್ತು, ಪ್ರದರ್ಶನಕ್ಕಿಟ್ಟರೆ ಯಾವ ಟೀಚರೂ ಬಹುಮಾನ ಕೊಡುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಅಯ್ಯನವರು ಭಿಕ್ಷೆಗೆಂದು ಬಂದವರು ಪಡಸಾಲೆಯಲ್ಲೇ ಕುಳಿತಿದ್ದರು. ನಾನು ಅದನ್ನು ತಂದು ಅಪ್ಪನ ತೊಡೆಯ ಮೇಲಿಟ್ಟೆ, ಅವನ ಎಡಗೈ ಎತ್ತಿ ಬಟ್ಟಲಲ್ಲಿ ಕೂರಿಸಿದೆ. ಬಟ್ಟಲಿನ ಗುಳಿಗೆ ಅಂಗೈಯೂ ಗುಳಿಯಾಯಿತು, ಬೆರಳುಗಳು ಅಂಚಿನ ಮೇಲೆ ಮಡಚಿ ನಿಂತವು. ಅಪ್ಪ ಆ ಕೈಯನ್ನು ನೋಡಿದ, ನನ್ನನ್ನು ನೋಡಿದ. ಸ್ನಾನಕ್ಕೆ ನೀರಿಡು ಎಂದ. ಸ್ನಾನವಾಗಿ, ಬೆಳಕಿಂಡಿಯ ಕೆಳಗೆ ಕುಳಿತು, ವಿಭೂತಿ ಹಚ್ಚಿಕೊಂಡು, ಎಡಗೈಯನ್ನು ಮತ್ತೆ ಬಟ್ಟಲಲ್ಲಿ ಕಟ್ಟಿಸಿಕೊಂಡು, ಬಲಗೈಯಿಂದ ಕರಡಿಗೆ ಬಿಚ್ಚಿದ. ಲಿಂಗವನ್ನು ಅಂಗೈಯಲ್ಲಿಟ್ಟು ತಕ್ಷಣ ಬಿಡಲಿಲ್ಲ, ಬೆರಳು ಮುಟ್ಟಿಸಿಕೊಂಡೇ ಇದ್ದ. ಆಮೇಲೆ ಮೆಲ್ಲಗೆ ಬಿಟ್ಟ. ಲಿಂಗ ಅಲ್ಲೇ ನಿಂತಿತು. ನೀರು ಹಾಕಿದ. ಬೆರಳ ಸಂದಿಯಿಂದ ಇಳಿದ ನೀರು ಬೀಜ ಇಳಿಯುತ್ತಿದ್ದ ತೂತುಗಳಿಂದ ಹನಿಹನಿಯಾಗಿ, ಮಡಚಿದ ಕಾಲುಗಳ ನಡುವೆ ಅವ್ವ ಇಟ್ಟಿದ್ದ ತಟ್ಟೆಗೆ ಬಿತ್ತು. ಅಯ್ಯನವರು ಕುತ್ತಿಗೆ ಚಾಚಿ ನೋಡಿ, ಪೂಜೆ ಮುಗಿಯುವ ತನಕ ಕಾದು, ಗಂಟಲು ಸರಿಮಾಡಿಕೊಂಡರು.

“ಕಟ್ಟಿಗಿ ನಡುವ ಬಂತಲ್ರಿ ಗೌಡ್ರ. ನಡೀತದೋ ಇಲ್ಲೋ, ಮಠಕ್ಕೊಂದು ಮಾತು ಕೇಳ್ಬೇಕಾಗ್ತದ.”

ಅಪ್ಪ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು, ನಿಧಾನವಾಗಿ ಒಂದೊಂದೇ ಮಾತು ಬಿಡಿಸಿ ಹೇಳಿದ:

“ಲಿಂಗ ನನ್ನ ಅಂಗೈಯಾಗ ಅದ. ಅಂಗೈ ನನ್ನ ಮಗಳು ಮಾಡಿದ ಬಟ್ಟಲದಾಗ ಅದ. ಇದರಾಗ ತಪ್ಪು ಎಲ್ಲಿ ಅದ ತೋರಸ್ರಿ ಅಯ್ನೋರ.”

ಅಯ್ಯನವರು ಬಟ್ಟಲನ್ನು ನೋಡಿದರು, ಅಪ್ಪನ ಒದ್ದೆ ಬೆರಳುಗಳನ್ನು ನೋಡಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ಇಲ್ರಿ. ತಪ್ಪಿಲ್ಲ.”

“ಹಂಗಾದ್ರ ನೀವೂ ಕುಂದರ್ರಿ ಊಟಕ್ಕ. ಏ ಇಕೀ, ರೊಟ್ಟಿ ಬಡಿ. ನನಗ ಹಸಿವ್ಯಾಗ್ಯದ.”

ಅವ್ವ ನಿಂತಲ್ಲೇ ನಿಂತಿದ್ದಳು. ನಿಂತೀ ಯಾಕ, ಹೆಂಚು ಇಡು ಎಂದು ಆಯಿ ಕೂಗಿದ ಮೇಲೆಯೇ ಅವಳು ಅಡುಗೆಮನೆಗೆ ಓಡಿದ್ದು. ಹೆಂಚಿನಿಂದ ನೇರ ತಟ್ಟೆಗೆ ಬಂದ ರೊಟ್ಟಿಯನ್ನು ಅಪ್ಪ ಬಲಗೈಯಲ್ಲೇ ಮುರಿದು, ಬೇಳೆಯಲ್ಲಿ ಅದ್ದಿ, ಸೊಟ್ಟ ಬಾಯಿಂದ ನಿಧಾನವಾಗಿ ಅಗಿದು ನುಂಗಿದ. ಇನ್ನೊಂದು ಹಾಕು ಎಂದ. ಎಡಗೈ ಇನ್ನೂ ಬಟ್ಟಲಲ್ಲೇ ಇತ್ತು. ಊಟಕ್ಕೆ ಅಡ್ಡಿಯಾಗುತ್ತದೆಂದು ನಾನು ಪಟ್ಟಿ ಬಿಚ್ಚಲು ಹೋದೆ. ಅಪ್ಪ ತಡೆದ.

“ಇರ್ಲಿ ಬಿಡವ್ವಾ, ಜರಾ ಕುಂದ್ರಲಿ. ಭಾಳ ದಿನದ ಮ್ಯಾಲೆ ಕೆಲಸಾ ಮಾಡ್ಯದ ಅದು.”